ಸೂಕ್ಷ್ಮದರ್ಶಕದ ಚಿತ್ರದಿಂದ ಅಂಕಿಯವರೆಗೆ: ಬರೆದಿಡದ ನಿರ್ಧಾರಗಳ ಸಮಸ್ಯೆ

ಜೀವಕೋಶ ವಿಜ್ಞಾನದ ಸಂಶೋಧನಾ ಪ್ರಬಂಧಗಳಲ್ಲಿ ‘ವಿಧಾನಗಳು’ ಎಂಬ ಭಾಗವನ್ನು ತೆರೆದರೆ ಒಂದು ವಾಕ್ಯ ಪದೇ ಪದೇ ಎದುರಾಗುತ್ತದೆ: ‘ಚಿತ್ರಗಳನ್ನು ಇಮೇಜ್‌ಜೆ ತಂತ್ರಾಂಶ ಬಳಸಿ ವಿಶ್ಲೇಷಿಸಲಾಯಿತು.’ ಕೆಲವೊಮ್ಮೆ ಜೊತೆಗೆ ತಂತ್ರಾಂಶದ ಆವೃತ್ತಿಯ ಸಂಖ್ಯೆ ಇರುತ್ತದೆ, ಎಷ್ಟೋ ಸಲ ಅದೂ ಇರುವುದಿಲ್ಲ. ಅದೇ ಪ್ರಬಂಧದಲ್ಲಿ ಜೀವಕೋಶಗಳನ್ನು ಬೆಳೆಸಿದ ದ್ರಾವಣ ಯಾವುದು, ಅದನ್ನು ಪೂರೈಸಿದ ಕಂಪನಿ ಯಾವುದು, ಎಷ್ಟು ಉಷ್ಣತೆಯಲ್ಲಿ ಇಟ್ಟರು, ಎಷ್ಟು ನಿಮಿಷ ತೊಳೆದರು ಎಂಬ ವಿವರಗಳೆಲ್ಲ ಸಿಗುತ್ತವೆ. ಆದರೆ ತೀರ್ಮಾನವೇ ನಿಂತಿರುವ ಅಂಕಿಗಳು, ಅಂದರೆ ಎಷ್ಟು ಕೋಶಗಳಿದ್ದವು, ಅವುಗಳ ವಿಸ್ತೀರ್ಣವೆಷ್ಟು, ಪ್ರತಿದೀಪ್ತಿ (ಗುರುತುಬಣ್ಣ ಹಚ್ಚಿದ ಭಾಗ ಬೆಳಕು ಬಿದ್ದಾಗ ಸೂಸುವ ಹೊಳಪು) ಎಷ್ಟು ಪಟ್ಟು ಹೆಚ್ಚಿತು ಎಂಬ ಅಂಕಿಗಳು, ಚಿತ್ರದಿಂದ ಹೇಗೆ ಹೊರಬಂದವು ಎಂದು ತಿಳಿಯಲು ಓದುಗನಿಗೆ ಆ ಒಂದು ವಾಕ್ಯವೇ ಗತಿ.

ಇದರಲ್ಲಿ ಆ ತಂತ್ರಾಂಶದ ತಪ್ಪೇನೂ ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅವರು 1987ರಲ್ಲಿ ಮ್ಯಾಕಿಂಟಾಷ್ ಗಣಕಗಳಿಗಾಗಿ ಬರೆಯಲು ತೊಡಗಿದ ಎನ್‌ಐಎಚ್ ಇಮೇಜ್ ಎಂಬ ತಂತ್ರಾಂಶವೇ 1997ರಲ್ಲಿ ಜಾವಾ ಭಾಷೆಗೆ ಬಂದು ಇಮೇಜ್‌ಜೆ ಆಯಿತು. ಅದು ಉಚಿತ, ಅದರ ಕೋಡ್ ಎಲ್ಲರಿಗೂ ತೆರೆದಿದೆ, ಯಾವ ಗಣಕದಲ್ಲಾದರೂ ನಡೆಯುತ್ತದೆ. ದೊಡ್ಡ ಅನುದಾನವಿಲ್ಲದ ಪ್ರಯೋಗಾಲಯಗಳಿಗೆ ಅದು ಮಾಡಿರುವ ಉಪಕಾರಕ್ಕೆ ಬೆಲೆ ಕಟ್ಟುವುದು ಕಷ್ಟ. ತೊಂದರೆ ಇರುವುದು ಬೇರೆ ಕಡೆ. ಜೀವವಿಜ್ಞಾನದಲ್ಲಿ ಚಿತ್ರವು ಬಹುಕಾಲ ಓದುಗನಿಗೆ ತೋರಿಸುವ ಸಾಕ್ಷಿಯಾಗಿತ್ತು. ಕಳೆದ ಮೂರು ದಶಕಗಳಲ್ಲಿ ಅದು ಅಳತೆಯ ಮೂಲವಾಗಿ ಬದಲಾಯಿತು. ಆದರೆ ಅದನ್ನು ವರದಿ ಮಾಡುವ ರೂಢಿ ಇನ್ನೂ ಸಾಕ್ಷಿಯ ಕಾಲದಲ್ಲೇ ಉಳಿದಿದೆ.

ಅಳತೆ ಎಲ್ಲಿ ಅಲುಗಾಡುತ್ತದೆ ಎಂದು ತಿಳಿಯಲು ಒಂದು ಸಾಮಾನ್ಯ ಕೆಲಸವನ್ನು ಹಂತ ಹಂತವಾಗಿ ನೋಡುವುದು ಒಳ್ಳೆಯದು. ಒಂದು ಔಷಧವನ್ನು ಕೊಟ್ಟಾಗ ಕೋಶಕೇಂದ್ರದಲ್ಲಿರುವ ಒಂದು ಪ್ರೋಟೀನಿನ ಪ್ರಮಾಣ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳೋಣ. ಕ್ಯಾಮೆರಾ ಕೊಡುವ 16 ಬಿಟ್ ಚಿತ್ರದಲ್ಲಿ ಪ್ರತಿ ಪಿಕ್ಸೆಲ್ಲಿಗೂ 0ರಿಂದ 65,535ರವರೆಗಿನ ಒಂದು ಸಂಖ್ಯೆ ಇರುತ್ತದೆ. ಕಡತ ಹಗುರವಾಗಲೆಂದೋ ಮುಂದಿನ ಯಾವುದೋ ಪ್ಲಗಿನ್ (ತಂತ್ರಾಂಶಕ್ಕೆ ಜೋಡಿಸುವ ಉಪಸಾಧನ) ಕೇಳುತ್ತದೆಂದೋ ವಿದ್ಯಾರ್ಥಿ ಅದನ್ನು 8 ಬಿಟ್‌ಗೆ, ಅಂದರೆ 0ರಿಂದ 255ರ ವ್ಯಾಪ್ತಿಗೆ ಇಳಿಸುತ್ತಾನೆ. ಇಮೇಜ್‌ಜೆಯ ಸಹಜ ವ್ಯವಸ್ಥೆಯಲ್ಲಿ ಈ ಇಳಿಕೆ ನಡೆಯುವುದು ಆ ಹೊತ್ತಿಗೆ ತೆರೆಯ ಮೇಲೆ ಹೊಂದಿಸಿರುವ ಬೆಳಕಿನ ಕನಿಷ್ಠ ಮತ್ತು ಗರಿಷ್ಠ ಮಿತಿಗಳ ಪ್ರಕಾರ. ಕಣ್ಣಿಗೆ ಚೆನ್ನಾಗಿ ಕಾಣಲೆಂದು ಒಂದು ಚಿತ್ರದ ಹೊಳಪನ್ನು ಒಂದು ಬಗೆಯಲ್ಲಿ, ಇನ್ನೊಂದರದನ್ನು ಮತ್ತೊಂದು ಬಗೆಯಲ್ಲಿ ಹೊಂದಿಸಿದ್ದರೆ, ಮೂಲದಲ್ಲಿ ಒಂದೇ ಹೊಳಪಿದ್ದ ಎರಡು ಪಿಕ್ಸೆಲ್ಲುಗಳು ಈಗ ಬೇರೆ ಬೇರೆ ಸಂಖ್ಯೆಗಳಾಗಿಬಿಡುತ್ತವೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಮುಂದಿನ ಹಂತಗಳೆಲ್ಲ ಸರಿಯಾಗಿಯೇ ನಡೆದು ಕೊನೆಗೆ ಒಂದು ಸ್ತಂಭಾಲೇಖ ಸಿದ್ಧವಾಗುತ್ತದೆ, ಅದರ ಮೇಲೆ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎಂದು ಸೂಚಿಸುವ ಅಂಕಿಅಂಶಶಾಸ್ತ್ರದ ನಕ್ಷತ್ರ ಚಿಹ್ನೆಗಳೂ ಬೀಳುತ್ತವೆ.

ಆಮೇಲೆ ಹಿನ್ನೆಲೆಯ ಬೆಳಕನ್ನು ಕಳೆಯುವ ಹಂತ ಬರುತ್ತದೆ. ಚಿತ್ರದ ಹೊಳಪಿನ ಕೆಳಗೆ ಚೆಂಡೊಂದನ್ನು ಉರುಳಿಸಿದಂತೆ ಲೆಕ್ಕ ಹಾಕಿ ಹಿನ್ನೆಲೆಯನ್ನು ಅಂದಾಜಿಸುವ ‘ರೋಲಿಂಗ್ ಬಾಲ್’ ಎಂಬ ಪ್ರಸಿದ್ಧ ವಿಧಾನಕ್ಕೆ ಆ ಚೆಂಡಿನ ತ್ರಿಜ್ಯವನ್ನು ಕೊಡಬೇಕು. ಸಂವಾದ ಪೆಟ್ಟಿಗೆಯಲ್ಲಿ ಮೊದಲೇ 50 ಪಿಕ್ಸೆಲ್ ಎಂದು ತುಂಬಿರುತ್ತದೆ. ಕೋಶದ ಗಾತ್ರಕ್ಕಿಂತ ತ್ರಿಜ್ಯ ಚಿಕ್ಕದಾದರೆ ಹಿನ್ನೆಲೆಯ ಜೊತೆಗೆ ಕೋಶದ ಬೆಳಕೂ ಕಳೆದುಹೋಗುತ್ತದೆ. 50 ಎಂಬುದು ಆ ಚಿತ್ರಕ್ಕೆ ಹೊಂದುತ್ತದೆಯೇ ಎಂದು ಯೋಚಿಸದೆ ‘ಓಕೆ’ ಗುಂಡಿಯನ್ನು ಒತ್ತುವುದು ಅಪರೂಪವೇನಲ್ಲ.

ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರುವುದು ಅದರ ಮುಂದಿನ ಹಂತ. ಯಾವ ಪಿಕ್ಸೆಲ್ ಕೋಶಕ್ಕೆ ಸೇರಿದ್ದು, ಯಾವುದು ಹಿನ್ನೆಲೆಗೆ ಸೇರಿದ್ದು ಎಂದು ವಿಂಗಡಿಸಲು ಥ್ರೆಶೋಲ್ಡ್ ಎಂದು ಕರೆಯುವ ಒಂದು ಗಡಿಮೌಲ್ಯ ಬೇಕು. ಅದನ್ನು ಕೈಯಿಂದ ಜಾರುಪಟ್ಟಿಯನ್ನು ಎಳೆದು ಗೊತ್ತುಮಾಡಬಹುದು, ಇಲ್ಲವೇ ಗಣಿತ ವಿಧಾನವೊಂದಕ್ಕೆ ಬಿಡಬಹುದು. ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಇವುಗಳಲ್ಲಿ ಹೆಸರಾದದ್ದು; ಚಿತ್ರದ ಹೊಳಪಿನ ಹಂಚಿಕೆಯನ್ನು ಎರಡು ಗುಂಪುಗಳಾಗಿ ಒಡೆದು, ಆ ಗುಂಪುಗಳ ನಡುವಿನ ಅಂತರ ಗರಿಷ್ಠವಾಗುವಲ್ಲಿ ಅದು ಗಡಿ ಎಳೆಯುತ್ತದೆ. ಇಮೇಜ್‌ಜೆಯ ಪಟ್ಟಿಯಲ್ಲಿ ಇಂಥ ಹದಿನೈದಕ್ಕೂ ಹೆಚ್ಚು ವಿಧಾನಗಳಿವೆ. ಎಲ್ಲವನ್ನೂ ಒಟ್ಟಿಗೆ ಹಚ್ಚಿ ಫಲಿತಾಂಶಗಳನ್ನು ಸಾಲಾಗಿ ತೋರಿಸುವ ಸೌಲಭ್ಯವೂ ಇದೆ. ಒಂದೇ ಚಿತ್ರ ಹದಿನೈದು ಬಗೆಯಲ್ಲಿ ಕಪ್ಪುಬಿಳುಪಾಗಿ ಒಡೆಯುವುದನ್ನು ಒಮ್ಮೆ ನೋಡಿದವರು ‘ಸ್ವಯಂಚಾಲಿತ’ ಎಂಬ ಮಾತನ್ನು ಅಷ್ಟು ಸುಲಭವಾಗಿ ‘ವಸ್ತುನಿಷ್ಠ’ ಎಂದು ಓದಿಕೊಳ್ಳಲಾರರು.

ಈ ಗಡಿ ಎಷ್ಟು ಜರುಗಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಚಿತ್ರದಲ್ಲಿ ಪ್ರತಿ ಪಿಕ್ಸೆಲ್ ಅರ್ಧ ಮೈಕ್ರಾನ್ ಇದ್ದು ಕೋಶಕೇಂದ್ರದ ವ್ಯಾಸ 10 ಮೈಕ್ರಾನ್ ಇದ್ದರೆ, ಅದು 20 ಪಿಕ್ಸೆಲ್ ಅಗಲದ ಒಂದು ದುಂಡು. ಗಡಿಯು ಸುತ್ತಲೂ ಒಂದೇ ಒಂದು ಪಿಕ್ಸೆಲ್ ಹೊರಕ್ಕೆ ಸರಿದರೆ ವ್ಯಾಸ 22 ಆಗುತ್ತದೆ, ವಿಸ್ತೀರ್ಣ ಶೇ 21ರಷ್ಟು ಏರುತ್ತದೆ. ಒಂದು ಪಿಕ್ಸೆಲ್ ಒಳಕ್ಕೆ ಸರಿದರೆ ಶೇ 19ರಷ್ಟು ಇಳಿಯುತ್ತದೆ. ಮೂರು ಆಯಾಮದಲ್ಲಿ ಗಾತ್ರವನ್ನು ಅಳೆಯುವುದಾದರೆ ಹೊರಕ್ಕೆ ಒಂದು ಪಿಕ್ಸೆಲ್ ಸರಿದಾಗಲೇ ಶೇ 33ರಷ್ಟು ಏರಿಕೆ. ಔಷಧದ ಪರಿಣಾಮದಿಂದ ಕೋಶಕೇಂದ್ರ ಶೇ 15ರಷ್ಟು ಹಿಗ್ಗಿತು ಎಂದು ಹೇಳುವ ಪ್ರಬಂಧವೊಂದರಲ್ಲಿ ಗಡಿಮೌಲ್ಯ ಎಷ್ಟಿತ್ತು, ಅದನ್ನು ಯಾರು ಹೇಗೆ ಆರಿಸಿದರು ಎಂಬ ಮಾತೇ ಇಲ್ಲದಿದ್ದರೆ ಆ ಶೇ 15ಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಓದುಗನಿಗೆ ತಿಳಿಯುವ ದಾರಿಯಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ, ಇದನ್ನು ಅನುಭವಸ್ಥರೂ ಗಮನಿಸದೆ ಹೋಗುತ್ತಾರೆ. ಒಟ್ಸು ವಿಧಾನವನ್ನು ಪ್ರತಿ ಚಿತ್ರಕ್ಕೂ ಪ್ರತ್ಯೇಕವಾಗಿ ಅನ್ವಯಿಸಿದರೆ, ಔಷಧ ಕೊಟ್ಟ ಕೋಶಗಳು ನಿಜಕ್ಕೂ ಹೆಚ್ಚು ಹೊಳೆಯುತ್ತಿದ್ದಾಗ ಅವುಗಳ ಗಡಿಮೌಲ್ಯವೂ ಜೊತೆಜೊತೆಗೆ ಮೇಲೇರುತ್ತದೆ. ಆಗ ಅಳೆಯಬೇಕೆಂದಿದ್ದ ವ್ಯತ್ಯಾಸದ ಒಂದು ಭಾಗವನ್ನು ಅಳೆಯುವ ವಿಧಾನವೇ ನುಂಗಿಹಾಕಬಹುದು. ಎಲ್ಲ ಚಿತ್ರಗಳಿಗೂ ಒಂದೇ ಗಡಿಮೌಲ್ಯ ಇಟ್ಟರೆ ಈ ತೊಂದರೆ ತಪ್ಪುತ್ತದೆ, ಆದರೆ ದೀಪದ ತೀವ್ರತೆ ದಿನದಿಂದ ದಿನಕ್ಕೆ ಬದಲಾದರೆ ಬೇರೊಂದು ತೊಂದರೆ ಹುಟ್ಟುತ್ತದೆ. ಕೋಶವೇ ಇಲ್ಲದ ಖಾಲಿ ಚಿತ್ರ ಸಿಕ್ಕರೂ ಒಟ್ಸು ವಿಧಾನ ಹಿನ್ನೆಲೆಯ ಗದ್ದಲವನ್ನೇ ಎರಡಾಗಿ ಸೀಳಿ ಅರ್ಧವನ್ನು ಕೋಶವೆಂದು ಒಪ್ಪಿಸುತ್ತದೆ. ಇವುಗಳಲ್ಲಿ ಯಾವುದು ಸರಿ ಎಂಬುದು ಪ್ರಯೋಗದ ಪ್ರಶ್ನೆಯನ್ನು ಅವಲಂಬಿಸಿದೆ, ಹಾಗಾಗಿಯೇ ಯಾವುದನ್ನು ಆರಿಸಿಕೊಂಡರು ಎಂಬುದು ಪ್ರಬಂಧದಲ್ಲಿ ಇರಲೇಬೇಕಾದ ಮಾಹಿತಿ.

ಇದು ಪ್ರಯೋಗಾಲಯದ ಒಳಗಿನ ಚರ್ಚೆ ಮಾತ್ರ ಎನ್ನುವವರು ಸ್ತನ ಕ್ಯಾನ್ಸರಿನ ‘ಕೆಐ-67’ ಪರೀಕ್ಷೆಯ ಅನುಭವವನ್ನು ನೋಡಬೇಕು. ವಿಭಜನೆಗೆ ತೊಡಗಿರುವ ಕೋಶಗಳಲ್ಲಿ ಕಾಣಿಸಿಕೊಳ್ಳುವ ಈ ಪ್ರೋಟೀನಿಗೆ ಬಣ್ಣ ಹಚ್ಚಿ, ಗಡ್ಡೆಯ ಕೋಶಗಳಲ್ಲಿ ಶೇಕಡ ಎಷ್ಟು ಬಣ್ಣ ಹಿಡಿದಿವೆ ಎಂದು ಎಣಿಸುತ್ತಾರೆ. ಗಡ್ಡೆ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬ ಅಂದಾಜಿಗೂ ಚಿಕಿತ್ಸೆಯ ಆಯ್ಕೆಗೂ ಆ ಶೇಕಡವಾರು ಉಪಯೋಗವಾಗುತ್ತದೆ. 2013ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ 100 ರೋಗಿಗಳ ಗಡ್ಡೆಗಳ ಮಾದರಿಗಳನ್ನು ಎಂಟು ಪ್ರಯೋಗಾಲಯಗಳು ತಮ್ಮ ತಮ್ಮ ರೂಢಿಯ ಕ್ರಮದಲ್ಲಿ ಎಣಿಸಿದವು. ಬಣ್ಣ ಹಚ್ಚುವ ಕೆಲಸವನ್ನು ಒಂದೇ ಕಡೆ ಮಾಡಿ ಹಂಚಿದಾಗಲೂ, ನೂರು ಮಾದರಿಗಳಿಗೆ ಒಂದು ಪ್ರಯೋಗಾಲಯದ ಗುಣೋತ್ತರ ಸರಾಸರಿ ಶೇ 7.1 ಬಂದರೆ ಮತ್ತೊಂದರದು ಶೇ 23.9 ಬಂತು. ಬಣ್ಣವನ್ನೂ ತಾವೇ ಹಚ್ಚಿಕೊಂಡಾಗ ಅಂತರ ಇನ್ನೂ ಹಿಗ್ಗಿ ಶೇ 6.1ರಿಂದ ಶೇ 30.1ರವರೆಗೆ ಹರಡಿತು.

ಆ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಒಂದೇ ಪ್ರಯೋಗಾಲಯ ಅದೇ ಮಾದರಿಗಳನ್ನು ಮತ್ತೆ ಎಣಿಸಿದಾಗ ತನ್ನ ಹಿಂದಿನ ಎಣಿಕೆಗೆ ಬಹಳ ಹತ್ತಿರದ ಉತ್ತರವನ್ನೇ ಪಡೆಯಿತು. ಈ ಒಳಹೊಂದಾಣಿಕೆಯ ಸೂಚ್ಯಂಕ 1ಕ್ಕೆ 0.94ರಷ್ಟಿತ್ತು. ಅಂದರೆ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಕಟ್ಟುನಿಟ್ಟಾಗಿ ಕೆಲಸ ಮಾಡುತ್ತಿದ್ದರು, ಆದರೆ ಗಡ್ಡೆಯ ಯಾವ ಭಾಗವನ್ನು ಎಣಿಸಬೇಕು, ಎಷ್ಟು ತೆಳು ಬಣ್ಣವನ್ನು ಬಣ್ಣವೆಂದು ಒಪ್ಪಬೇಕು ಎಂಬಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಮನೆಯೊಳಗಿನ ಸ್ಥಿರತೆ ಹೊರಗಿನ ಭಿನ್ನತೆಯನ್ನು ಮುಚ್ಚಿಡುತ್ತದೆ. ‘ನಾವು ಮೂರು ಸಲ ಮಾಡಿ ನೋಡಿದ್ದೇವೆ, ಅದೇ ಉತ್ತರ ಬಂದಿದೆ’ ಎಂಬ ಸಮಜಾಯಿಷಿ ಏಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಮುಂದೆ ಅದೇ ತಂಡ ಎಣಿಕೆಯ ನಿಯಮಗಳನ್ನು ಬರೆದಿಟ್ಟು, ಜಾಲತಾಣದ ಮೂಲಕ ಎಣಿಸುವವರಿಗೆ ಅಭ್ಯಾಸ ಕೊಟ್ಟ ಮೇಲೆ ಪ್ರಯೋಗಾಲಯಗಳ ನಡುವಿನ ಹೊಂದಾಣಿಕೆ ಸುಧಾರಿಸಿತು.

ಇಲ್ಲಿ ಒಂದು ವಿಷಯವನ್ನು ಪ್ರತ್ಯೇಕಿಸಿಕೊಳ್ಳಬೇಕು. ವಿಜ್ಞಾನದ ಚಿತ್ರಗಳ ಬಗ್ಗೆ ಸುದ್ದಿಯಾಗುವುದು ಸಾಮಾನ್ಯವಾಗಿ ವಂಚನೆ. ‘ಜರ್ನಲ್ ಆಫ್ ಸೆಲ್ ಬಯಾಲಜಿ’ 2002ರಿಂದಲೇ ಒಪ್ಪಿಗೆಯಾದ ಪ್ರಬಂಧಗಳ ಚಿತ್ರಗಳನ್ನು ತಪಾಸಣೆ ಮಾಡತೊಡಗಿತು. 2016ರಲ್ಲಿ ಎಲಿಸಬೆತ್ ಬಿಕ್ ಮತ್ತು ಸಹೋದ್ಯೋಗಿಗಳು 40 ನಿಯತಕಾಲಿಕಗಳ 20,621 ಪ್ರಬಂಧಗಳನ್ನು ಪರಿಶೀಲಿಸಿ, ಶೇ 3.8ರಷ್ಟು ಪ್ರಬಂಧಗಳಲ್ಲಿ ನಕಲಿನ ಸಮಸ್ಯೆಯಿರುವ ಚಿತ್ರಗಳನ್ನು ಗುರುತಿಸಿದರು. 2021ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರ ಪ್ರಬಂಧವೂ ಚಿತ್ರಗಳನ್ನು ತಿದ್ದಿದ ಕಾರಣಕ್ಕೆ ಪ್ರತಿಷ್ಠಿತ ನಿಯತಕಾಲಿಕದಿಂದ ಹಿಂದಕ್ಕೆ ಹೋಯಿತು. ಇವೆಲ್ಲ ಗಂಭೀರ ಸಂಗತಿಗಳೇ. ಆದರೆ ವಂಚನೆಯನ್ನು ಹಿಡಿಯುವ ಜಾಲರಿಯಲ್ಲಿ ನಾನು ಹೇಳುತ್ತಿರುವ ಸಮಸ್ಯೆ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಚಿತ್ರ ಅಸಲಿ, ಅಳತೆ ಪ್ರಾಮಾಣಿಕ, ಅಳೆದ ಬಗೆ ಮಾತ್ರ ಯಾರಿಗೂ ಗೊತ್ತಿಲ್ಲ. ಎರಡು ವರ್ಷದ ಬಳಿಕ ಅಳೆದವರಿಗೇ ಗೊತ್ತಿರುವುದಿಲ್ಲ.

ಪ್ರಾಮಾಣಿಕ ಆಯ್ಕೆಗಳು ಎಷ್ಟು ದೂರ ಒಯ್ಯಬಲ್ಲವು ಎಂಬುದನ್ನು ಅಚ್ಚುಕಟ್ಟಾಗಿ ತೋರಿಸಿದ್ದು ಮೆದುಳಿನ ಚಿತ್ರಣದ ಕ್ಷೇತ್ರ. 2020ರಲ್ಲಿ ‘ನೇಚರ್’ ಪ್ರಕಟಿಸಿದ ಒಂದು ದೊಡ್ಡ ಪ್ರಯೋಗದಲ್ಲಿ 108 ಜನರ ಮೆದುಳಿನ ಚಟುವಟಿಕೆಯನ್ನು ಸ್ಕ್ಯಾನ್ ಮಾಡಿ ಪಡೆದ ಎಫ್‌ಎಂಆರ್‌ಐ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು, ಮೊದಲೇ ಗೊತ್ತುಮಾಡಿದ ಒಂಬತ್ತು ಊಹೆಗಳನ್ನು ಪರೀಕ್ಷಿಸಲು ಹೇಳಲಾಯಿತು. ಯಾವ ಎರಡು ತಂಡಗಳೂ ಒಂದೇ ಕಾರ್ಯಸರಣಿಯನ್ನು ಆರಿಸಿಕೊಳ್ಳಲಿಲ್ಲ. ಒಂದು ಊಹೆಗೆ ಮಾತ್ರ ಬಹುಪಾಲು ತಂಡಗಳು, ಶೇ 84ರಷ್ಟು, ಹೌದು ಎಂದವು. ಮೂರಕ್ಕೆ ಹೆಚ್ಚುಕಡಿಮೆ ಎಲ್ಲರೂ ಇಲ್ಲ ಎಂದರು. ಉಳಿದ ಐದರಲ್ಲಿ ಹೌದು ಎಂದವರ ಪ್ರಮಾಣ ಶೇ 21ರಿಂದ 37ರವರೆಗೆ ಇತ್ತು. ಅಂದರೆ ಆ ಐದು ಪ್ರಶ್ನೆಗಳಲ್ಲಿ ಯಾವ ತಂಡದ ಕೈಗೆ ದತ್ತಾಂಶ ಸಿಕ್ಕಿತು ಎಂಬುದರ ಮೇಲೆ ಪ್ರಬಂಧದ ತೀರ್ಮಾನವೇ ಬದಲಾಗುತ್ತಿತ್ತು.

ಈ ಅಧ್ಯಯನವನ್ನು ‘ವಿಜ್ಞಾನವನ್ನು ನಂಬುವಂತಿಲ್ಲ’ ಎಂದು ಓದುವುದು ತಪ್ಪು. ಕೊನೆಯ ತೀರ್ಪಿಗೆ ಮುಂಚಿನ ಹಂತದಲ್ಲಿ, ಅಂದರೆ ಮೆದುಳಿನ ಯಾವ ಭಾಗದಲ್ಲಿ ಎಷ್ಟು ಚಟುವಟಿಕೆ ಎಂದು ತೋರಿಸುವ ನಕ್ಷೆಗಳ ಹಂತದಲ್ಲಿ, ಹೆಚ್ಚಿನ ತಂಡಗಳ ಉತ್ತರಗಳು ಒಂದನ್ನೊಂದು ಬಲವಾಗಿ ಹೋಲುತ್ತಿದ್ದವು. ಒಡಕು ದೊಡ್ಡದಾದದ್ದು ನಕ್ಷೆಯ ಮೇಲೆ ಗಡಿ ಎಳೆದು ‘ಇದೆ’ ಅಥವಾ ‘ಇಲ್ಲ’ ಎಂದು ಹೇಳಬೇಕಾದಾಗ. ಕೋಶಕೇಂದ್ರದ ಅಂಚನ್ನು ಗುರುತಿಸುವಲ್ಲಿ ಕಂಡ ತೊಂದರೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ: ನಿರಂತರವಾಗಿ ಬದಲಾಗುವ ಒಂದು ಪ್ರಮಾಣವನ್ನು ಎರಡು ಭಾಗವಾಗಿ ಕತ್ತರಿಸುವ ಕಡೆಯಲ್ಲೆಲ್ಲ ಸಣ್ಣ ಆಯ್ಕೆಗೆ ದೊಡ್ಡ ಪರಿಣಾಮವಿದೆ.

ಮನುಷ್ಯನ ಆಯ್ಕೆಯೇ ಇಲ್ಲದ ಕಡೆಯೂ ಅಳತೆ ಜರುಗಬಹುದು. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಒಂದೇ ಎಂಆರ್‌ಐ ಚಿತ್ರಗಳನ್ನು ಫ್ರೀಸರ್ಫರ್ ಎಂಬ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳಲ್ಲಿ ನಡೆಸಿ ನೋಡಿದಾಗ, ಮೆದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ಶೇ 8.8ರಷ್ಟೂ ಮೆದುಳ ತೊಗಟೆಯ ದಪ್ಪದಲ್ಲಿ ಶೇ 2.8ರಷ್ಟೂ ವ್ಯತ್ಯಾಸ ಬಂತು. ಗಣಕದ ಬಗೆ ಬದಲಾದಾಗ, ಮ್ಯಾಕ್ ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿ ಬದಲಾದಾಗಲೂ ಇದಕ್ಕಿಂತ ಸಣ್ಣದಾದರೂ ಗುರುತಿಸಬಹುದಾದ ವ್ಯತ್ಯಾಸಗಳು ಕಂಡವು. ಅಧ್ಯಯನದ ನಡುವೆ ತಂತ್ರಾಂಶವನ್ನು ನವೀಕರಿಸಬೇಡಿ ಎಂಬ ಅವರ ಸಲಹೆ ಕೇಳಲು ಕ್ಷುಲ್ಲಕ. ಆದರೆ ಐದು ವರ್ಷ ನಡೆಯುವ ಪಿಎಚ್‌ಡಿಯಲ್ಲಿ, ‘ನವೀಕರಿಸಿ’ ಎಂದು ಬೆಳಗಾದರೆ ಕೇಳುವ ಗಣಕಗಳ ನಡುವೆ, ಅದನ್ನು ಪಾಲಿಸುವುದು ಅಷ್ಟು ಸುಲಭವಲ್ಲ.

ಹಾಗಿದ್ದರೆ ಈ ವಿವರಗಳನ್ನು ಬರೆಯುವುದಕ್ಕೆ ಅಡ್ಡಿಯೇನು? ಪುಟಗಳ ಮಿತಿ ಎಂಬ ಹಳೆಯ ನೆಪ ಪೂರಕ ಕಡತಗಳ ಈ ಕಾಲದಲ್ಲಿ ನಿಲ್ಲುವುದಿಲ್ಲ. ನಿಜವಾದ ಕಾರಣ ಬಹುಶಃ ಕೆಲಸ ನಡೆಯುವ ರೀತಿಯಲ್ಲೇ ಇದೆ. ಮೌಸ್ ಹಿಡಿದು ಪಟ್ಟಿಗಳಿಂದ ಆದೇಶಗಳನ್ನು ಆರಿಸಿ ಮಾಡಿದ ವಿಶ್ಲೇಷಣೆ ತನ್ನ ಹಿಂದೆ ಯಾವ ಜಾಡನ್ನೂ ಬಿಡುವುದಿಲ್ಲ. ಇಮೇಜ್‌ಜೆಯಲ್ಲಿ ಪ್ರತಿ ಆದೇಶವನ್ನೂ ದಾಖಲಿಸಿಕೊಳ್ಳುವ ಮ್ಯಾಕ್ರೊ ರೆಕಾರ್ಡರ್ ಎಂಬ ಸೌಲಭ್ಯವಿದ್ದರೂ ಅದನ್ನು ಮೊದಲೇ ತೆರೆದಿಟ್ಟುಕೊಂಡಿರಬೇಕು. ಇನ್ನೊಂದು ಕಾರಣ ಪ್ರತಿಷ್ಠೆಗೆ ಸಂಬಂಧಿಸಿದ್ದು: ಹೊಸ ಪ್ರೋಟೀನನ್ನು ಕಂಡುಹಿಡಿಯುವುದು ವಿಜ್ಞಾನ, ಪಿಕ್ಸೆಲ್ ಎಣಿಸುವುದು ಗುಮಾಸ್ತಿಕೆ ಎಂಬ ಭಾವನೆ ಇನ್ನೂ ಹೋಗಿಲ್ಲ. ಚಿತ್ರ ತೆಗೆಯುವ ಹಂತದಲ್ಲೂ ಸ್ಥಿತಿ ಉತ್ತಮವಾಗಿಲ್ಲ. 2020ರಲ್ಲಿ ‘ಇಲೈಫ್’ನಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಎಂಟು ನಿಯತಕಾಲಿಕಗಳ 240 ಪ್ರಬಂಧಗಳನ್ನು ನೋಡಿ, ಚಿತ್ರಗಳನ್ನು ಹೇಗೆ ತೆಗೆಯಲಾಯಿತು ಎಂಬ ಮೂಲಭೂತ ವಿವರಗಳೇ ಅನೇಕ ಕಡೆ ಇಲ್ಲ, ಕೆಲವು ಪ್ರಬಂಧಗಳಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ ಎಂದು ವರದಿ ಮಾಡಿತು.

ಪರಿಹಾರದ ಕಡೆ ಕೆಲಸ ನಡೆದಿಲ್ಲವೆಂದಲ್ಲ. 2006ರಲ್ಲಿ ಬಂದ ಸೆಲ್‌ಪ್ರೊಫೈಲರ್ ಎಂಬ ಉಚಿತ ತಂತ್ರಾಂಶ ಇಡೀ ವಿಶ್ಲೇಷಣೆಯನ್ನು ಒಂದು ಕಾರ್ಯಸರಣಿಯ ಕಡತವಾಗಿ ಉಳಿಸುತ್ತದೆ. ಆ ಕಡತ ಕೊಟ್ಟರೆ ಇನ್ನೊಬ್ಬರು ಅದೇ ಹಂತಗಳನ್ನು ಅದೇ ಕ್ರಮದಲ್ಲಿ ನಡೆಸಬಹುದು. ಸೂಕ್ಷ್ಮದರ್ಶಕ ತಯಾರಿಸುವ ಒಂದೊಂದು ಕಂಪನಿಯೂ ತನ್ನದೇ ಕಡತರೂಪವನ್ನು ಇಟ್ಟುಕೊಂಡಿರುವ ಗೊಂದಲವನ್ನು ಬಯೊಫಾರ್ಮ್ಯಾಟ್ಸ್ ಎಂಬ, ಆ ಕಡತಗಳನ್ನೆಲ್ಲ ಓದಿಕೊಡುವ ತಂತ್ರಾಂಶ ಬಹುಮಟ್ಟಿಗೆ ನಿಭಾಯಿಸುತ್ತಿದೆ. ಯುರೋಪಿಯನ್ ಬಯೊಇನ್ಫರ್ಮ್ಯಾಟಿಕ್ಸ್ ಸಂಸ್ಥೆ 2019ರಲ್ಲಿ ಬಯೊಇಮೇಜ್ ಆರ್ಕೈವ್ ಎಂಬ ಚಿತ್ರಭಂಡಾರವನ್ನು ತೆರೆದು, ಪ್ರಬಂಧಗಳ ಮೂಲ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಮಾಡಿತು. 2020ರಲ್ಲಿ ಸೇರಿದ ‘ಕ್ವಾರೆಪ್ ಲಿಮಿ’ ಎಂಬ, ಸೂಕ್ಷ್ಮದರ್ಶಕ ಅಳತೆಗಳ ಗುಣಮಟ್ಟಕ್ಕಾಗಿ ದುಡಿಯುವ ಅಂತಾರಾಷ್ಟ್ರೀಯ ಬಳಗದಲ್ಲಿ ವಿಜ್ಞಾನಿಗಳ ಜೊತೆ ಸೂಕ್ಷ್ಮದರ್ಶಕ ತಯಾರಕರೂ ಇದ್ದಾರೆ. ಆ ವಲಯದ ತಜ್ಞರು ‘ನೇಚರ್ ಮೆಥಡ್ಸ್’ನಲ್ಲಿ ಪ್ರಕಟಿಸಿದ ತಪಾಸಣಾ ಪಟ್ಟಿಗಳು ಲೇಖಕರು ಕನಿಷ್ಠ ಏನನ್ನು ಬರೆಯಬೇಕು, ಸಾಧ್ಯವಾದರೆ ಏನನ್ನು ಕೊಡಬೇಕು ಎಂದು ಮಟ್ಟ ಮಟ್ಟವಾಗಿ ವಿಂಗಡಿಸಿ ಹೇಳುತ್ತವೆ. ಪಟ್ಟಿಗಳು ಚೆನ್ನಾಗಿವೆ. ಆದರೆ ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ ಗುರುತು ಹಾಕಿ ಮುಗಿಸುವ ಇನ್ನೊಂದು ಅರ್ಜಿಯಾಗಿ ಅವು ಉಳಿದುಬಿಡುವ ಅಪಾಯವೂ ಇದೆ.

ಇಷ್ಟೆಲ್ಲ ಪಾಲಿಸಿದರೆ ಸಿಗುವುದೇನು ಎಂಬುದರ ಬಗ್ಗೆಯೂ ಸ್ಪಷ್ಟತೆ ಬೇಕು. ಮೂಲ ಚಿತ್ರ, ಕೋಡ್, ತಂತ್ರಾಂಶದ ಆವೃತ್ತಿ, ಇವೆಲ್ಲವನ್ನೂ ಡಾಕರ್‌ನಂಥ ತಂತ್ರಾಂಶವನ್ನು ಅದರ ಪರಿಸರದ ಸಮೇತ ಕಟ್ಟಿಡುವ ಪೆಟ್ಟಿಗೆಯಲ್ಲಿ ಮುಚ್ಚಿ ಕೊಟ್ಟರೆ ಇನ್ನೊಬ್ಬರಿಗೆ ಅದೇ ಅಂಕಿ ಮತ್ತೆ ಬರುತ್ತದೆ. ಅದೇ ಅಂಕಿ ಬಂತು ಎಂದಮಾತ್ರಕ್ಕೆ ಅದು ಸರಿಯಾದ ಅಂಕಿ ಎಂದಾಗುವುದಿಲ್ಲ. ತಪ್ಪು ಗಡಿಮೌಲ್ಯವೂ ಪ್ರತಿ ಸಲ ತಪ್ಪದೆ ಅದೇ ತಪ್ಪು ಉತ್ತರವನ್ನು ಕೊಡುತ್ತದೆ. ಕೆಐ-67 ಪ್ರಯೋಗಾಲಯಗಳ 0.94 ಎಂಬ ಒಳಹೊಂದಾಣಿಕೆ ತೋರಿಸಿದ್ದೂ ಇದನ್ನೇ. ಗಣಕದ ಮಟ್ಟದ ಪುನರಾವರ್ತನೆ ಅವಶ್ಯಕ, ಆದರೆ ಅದನ್ನೇ ಗುರಿ ಎಂದುಕೊಂಡರೆ ಅರ್ಧ ದಾರಿಯಲ್ಲಿ ನಿಂತಂತೆ. ಕಂಡ ಪರಿಣಾಮವು ಆಯ್ಕೆಗಳನ್ನು ಸ್ವಲ್ಪ ಬದಲಿಸಿದಾಗಲೂ ಉಳಿಯುತ್ತದೆಯೇ ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಅದನ್ನು ಕೇಳುವ ರೂಢಿ ಈ ಕ್ಷೇತ್ರದಲ್ಲಿ ಇನ್ನೂ ಬಂದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಯಂತ್ರಕಲಿಕೆ, ಅಂದರೆ ಗಣಕವೇ ಉದಾಹರಣೆಗಳಿಂದ ಕಲಿತು ‘ಮಾದರಿ’ (ಮಾಡೆಲ್) ಕಟ್ಟಿಕೊಳ್ಳುವ ಪದ್ಧತಿ, ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಜಟಿಲವಾಗಿದೆ. 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನಿಂದ ಬಂದ ಯು-ನೆಟ್, ಆಮೇಲೆ ಬಂದ ಸ್ಟಾರ್‌ಡಿಸ್ಟ್ ಮತ್ತು ಸೆಲ್‌ಪೋಸ್ ಮಾದರಿಗಳು ಹಿಂದೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೋಶ ವಿಂಗಡಣೆಯನ್ನು ನಿಮಿಷಗಳಲ್ಲಿ ಮುಗಿಸುತ್ತವೆ, ಅನೇಕ ಬಾರಿ ಒಟ್ಸುವಿನಂಥ ವಿಧಾನಗಳಿಗಿಂತ ಬಹಳ ಚೆನ್ನಾಗಿಯೇ. ಒಬ್ಬೊಬ್ಬರು ಒಂದೊಂದು ಕಡೆ ಜಾರುಪಟ್ಟಿ ಎಳೆಯುವ ಸಮಸ್ಯೆ ಇದರಿಂದ ಕಡಿಮೆಯಾಗಿದೆ ಎಂಬುದನ್ನು ಒಪ್ಪಬೇಕು. ಆದರೆ ಆಯ್ಕೆ ಮಾಯವಾಗಿಲ್ಲ, ಸ್ಥಳ ಬದಲಿಸಿದೆ ಅಷ್ಟೆ. ಸೆಲ್‌ಪೋಸ್ ಮಾದರಿಯನ್ನು ಮೊದಲು ತರಬೇತುಗೊಳಿಸಿದ್ದು ಮನುಷ್ಯರು ಅಂಚು ಗುರುತಿಸಿಕೊಟ್ಟ 70,000ಕ್ಕೂ ಹೆಚ್ಚು ಆಕೃತಿಗಳ ಮೇಲೆ. ಆ ಅಂಚುಗಳನ್ನು ಗುರುತಿಸಿದವರ ಅಭ್ಯಾಸವೇ ಮಾದರಿಯ ಅಭ್ಯಾಸವಾಗುತ್ತದೆ, ತರಬೇತಿಯಲ್ಲಿ ಕಾಣದ ಬಗೆಯ ಅಂಗಾಂಶ ಎದುರಾದಾಗ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಒಂದೇ ಹೆಸರಿನ ಕೆಳಗೆ ಹಲವು ಮಾದರಿಗಳು ಬಂದಿವೆ, ಕೋಶದ ಅಂದಾಜು ವ್ಯಾಸವನ್ನು ಬಳಕೆದಾರ ಬೇರೆಯಾಗಿ ಕೊಟ್ಟರೆ ಫಲಿತಾಂಶವೂ ಬದಲಾಗಬಹುದು. ಹಾಗಾಗಿ ‘ಸೆಲ್‌ಪೋಸ್ ಬಳಸಿ ವಿಂಗಡಿಸಲಾಯಿತು’ ಎಂಬ ಹೊಸ ವಾಕ್ಯ ಹಳೆಯ ‘ಇಮೇಜ್‌ಜೆ’ ವಾಕ್ಯಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಯಾವ ಮಾದರಿ, ಯಾವ ಆವೃತ್ತಿ, ಏನೇನು ನಿಯತಾಂಕ, ತಮ್ಮದೇ ಚಿತ್ರಗಳಿಂದ ಮರುತರಬೇತಿ ಕೊಟ್ಟಿದ್ದರೆ ಆ ತರಬೇತಿ ಚಿತ್ರಗಳೆಲ್ಲಿ ಎಂಬುದು ಗೊತ್ತಾಗದೆ ಅದನ್ನು ಯಾರೂ ಮರಳಿ ನಡೆಸಲಾರರು. ಮಾಸಲು ಚಿತ್ರವನ್ನು ನಿಚ್ಚಳಗೊಳಿಸುವ ಮಾದರಿಗಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಅವು ಇಲ್ಲದ ರಚನೆಯನ್ನು ಇದ್ದಂತೆ ಬಿಡಿಸಿಬಿಡಬಲ್ಲವು.

ಅಂಕಿಅಂಶದ ಒಂದು ಹಳೆಯ ತಪ್ಪು ಕೂಡ ಈ ವೇಗದಿಂದ ಉಲ್ಬಣಿಸುತ್ತಿದೆ. ಮೂರು ತಟ್ಟೆಗಳಲ್ಲಿ ಬೆಳೆಸಿದ ಮೂರು ಸಾವಿರ ಕೋಶಗಳನ್ನು ಎಣಿಸಿದರೆ ಪ್ರಯೋಗ ನಡೆದದ್ದು ಮೂರು ಸಲವೇ ಹೊರತು ಮೂರು ಸಾವಿರ ಸಲವಲ್ಲ. ಒಂದೇ ತಟ್ಟೆಯ ಕೋಶಗಳು ಒಂದೇ ಪರಿಸರವನ್ನು ಹಂಚಿಕೊಂಡಿರುವುದರಿಂದ ಅವು ಸ್ವತಂತ್ರ ಸಾಕ್ಷಿಗಳಲ್ಲ. ಕೋಶವೊಂದನ್ನು ಒಂದು ಪ್ರಯೋಗವೆಂದು ಲೆಕ್ಕ ಹಿಡಿದರೆ ಎಂಥ ಸಣ್ಣ ವ್ಯತ್ಯಾಸವೂ ಮಹತ್ವದ್ದಾಗಿ ಕಾಣುತ್ತದೆ. ಪ್ರತಿ ತಟ್ಟೆಯ ಸರಾಸರಿಯನ್ನೂ ಅದರ ಹಿಂದಿನ ಕೋಶಗಳ ಹರಡುವಿಕೆಯನ್ನೂ ಒಂದೇ ಆಲೇಖದಲ್ಲಿ ತೋರಿಸುವ ‘ಸೂಪರ್‌ಪ್ಲಾಟ್’ ಪದ್ಧತಿಯನ್ನು 2020ರಲ್ಲಿ ಸೂಚಿಸಿದ್ದು ಇದಕ್ಕಾಗಿಯೇ.

ನಮ್ಮ ಕಡೆಯ ಸ್ಥಿತಿಯ ಬಗ್ಗೆ ಎರಡು ಮಾತು. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ), ಭಾರತೀಯ ವಿಜ್ಞಾನ ಸಂಸ್ಥೆಗಳಂಥ ಕಡೆ ದುಬಾರಿ ಸೂಕ್ಷ್ಮದರ್ಶಕಗಳು ಸಾಮಾನ್ಯವಾಗಿ ಹಂಚಿಕೊಂಡು ಬಳಸುವ ಸೌಲಭ್ಯಗಳಲ್ಲಿರುತ್ತವೆ. ಇದೊಂದು ಅನುಕೂಲ: ಯಂತ್ರದ ಸ್ಥಿತಿಯನ್ನು ನಿಯತವಾಗಿ ಅಳೆದು ದಾಖಲಿಸುವ ಕೆಲಸವನ್ನು ಅಲ್ಲಿನ ತಜ್ಞ ಸಿಬ್ಬಂದಿ ಒಮ್ಮೆ ಮಾಡಿದರೆ ಅದು ಹತ್ತಾರು ಪ್ರಯೋಗಾಲಯಗಳಿಗೆ ಒದಗುತ್ತದೆ. ಯುರೋಪಿನಲ್ಲಿ ನ್ಯೂಬಿಯಾಸ್ ಎಂಬ ಜಾಲ 2016ರಿಂದ 2020ರವರೆಗೆ ಜೀವವಿಜ್ಞಾನದ ಚಿತ್ರ ವಿಶ್ಲೇಷಕರನ್ನು ತರಬೇತುಗೊಳಿಸಿ, ಅದು ಪ್ರತ್ಯೇಕ ವೃತ್ತಿ ಎಂಬ ಅರಿವನ್ನು ಬೆಳೆಸಿತು. ಚಿತ್ರ ತೆಗೆದುಕೊಡುವವರ ಪಕ್ಕದಲ್ಲಿ ಅಳೆಯಲು ಕಲಿಸುವವರಿಗೂ ಒಂದು ಹುದ್ದೆ ಇರಬೇಕೆಂಬುದು ಅಲ್ಲಿಂದ ನಾವು ತರಬೇಕಾದ ವಿಚಾರ. ಕಡತಗಳನ್ನು ಕಾಪಾಡುವ ಪ್ರಶ್ನೆ ಇನ್ನೂ ದೊಡ್ಡದು. ಫರೀದಾಬಾದ್‌ನಲ್ಲಿ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ದೇಶದ ಜೀವವಿಜ್ಞಾನ ದತ್ತಾಂಶಕ್ಕೆ ಒಂದು ಶಾಶ್ವತ ನೆಲೆ ಒದಗಿಸುವ ಉದ್ದೇಶದ್ದು. ಆದರೆ ಆಧುನಿಕ ಸೂಕ್ಷ್ಮದರ್ಶಕವೊಂದು ಒಂದೇ ಪ್ರಯೋಗದಲ್ಲಿ ಟೆರಾಬೈಟ್‌ಗಳಷ್ಟು ಚಿತ್ರಗಳನ್ನು ಉತ್ಪಾದಿಸಬಲ್ಲದು, ಇವನ್ನೆಲ್ಲ ವಿದ್ಯಾರ್ಥಿಯ ಹಾರ್ಡ್‌ಡಿಸ್ಕಿನಿಂದ ಅಲ್ಲಿಗೆ ಸಾಗಿಸುವ ಖರ್ಚನ್ನು ಅನುದಾನದ ಅರ್ಜಿಯಲ್ಲೇ ಸೇರಿಸದಿದ್ದರೆ ಅವು ಪದವಿಯ ಜೊತೆಗೇ ಸಂಸ್ಥೆಯಿಂದ ಹೊರನಡೆಯುತ್ತವೆ.

ಆಯ್ಕೆ ಬದಲಿಸಿ ನೋಡುವ ಪರೀಕ್ಷೆಗೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಆರಿಸಿದ ಗಡಿಮೌಲ್ಯವನ್ನು ಶೇ 10ರಷ್ಟು ಮೇಲೆ, ಶೇ 10ರಷ್ಟು ಕೆಳಗೆ ಇಟ್ಟು, ಹಿನ್ನೆಲೆ ಕಳೆಯುವ ತ್ರಿಜ್ಯವನ್ನು ಅರ್ಧಕ್ಕೂ ದುಪ್ಪಟ್ಟಿಗೂ ಬದಲಿಸಿ, ಸಾಧ್ಯವಾದರೆ ಇನ್ನೊಂದು ವಿಂಗಡಣಾ ವಿಧಾನವನ್ನೂ ಹಚ್ಚಿ, ಪ್ರತಿ ಸಲವೂ ಔಷಧ ಕೊಟ್ಟ ಮತ್ತು ಕೊಡದ ಗುಂಪುಗಳ ನಡುವಿನ ಅಂತರ ಎಷ್ಟು ಬಂತು ಎಂಬುದನ್ನು ಪೂರಕ ಕಡತದಲ್ಲಿ ಒಂದು ಆಲೇಖವಾಗಿ ಕೊಟ್ಟರೆ ಸಾಕು. ವಿಶ್ಲೇಷಣೆ ಒಮ್ಮೆ ಕೋಡಿನ ರೂಪದಲ್ಲಿದ್ದರೆ ಇದು ಹೆಚ್ಚೆಂದರೆ ಗಣಕಕ್ಕೆ ಒಂದು ರಾತ್ರಿಯ ಕೆಲಸ. ಶೇ 15ರ ಏರಿಕೆ ಎಲ್ಲ ಆಯ್ಕೆಗಳಲ್ಲೂ 12ರಿಂದ 17ರ ನಡುವೆ ನಿಂತರೆ ಓದುಗ ಅದನ್ನು ನೆಚ್ಚಬಹುದು. ಒಂದು ಆಯ್ಕೆಯಲ್ಲಿ 15 ಇದ್ದದ್ದು ಇನ್ನೊಂದರಲ್ಲಿ 2ಕ್ಕೆ ಇಳಿದರೆ ಪ್ರಬಂಧ ತಿರಸ್ಕಾರವಾಗಬೇಕೆಂದೇನೂ ಇಲ್ಲ. ಪರಿಣಾಮವು ಮಸುಕಾದ ಅಂಚಿನ ಕೋಶಗಳಲ್ಲಿ ಮಾತ್ರ ಇದೆ ಎಂಬ ಜೈವಿಕ ಸತ್ಯವೇ ಅಲ್ಲಿ ಅಡಗಿರಬಹುದು. ಆದರೆ ಲೇಖಕರು ಅಂಥ ಆಲೇಖವನ್ನು ತಾವಾಗಿ ಮುಂದಿಡಬೇಕಾದರೆ, ಅದನ್ನು ದೌರ್ಬಲ್ಯದ ಒಪ್ಪಿಗೆ ಎಂದು ನೋಡುವ ಪರಾಮರ್ಶಕರ ದೃಷ್ಟಿ ಮೊದಲು ಬದಲಾಗಬೇಕು, ಸಂಪಾದಕರು ಅದನ್ನು ಕೇಳಿ ಪಡೆಯಬೇಕು. ಲೇಖಕರು ಮಾಡದೆ ಹೋದರೆ ಬೇರೆಯವರು ಮಾಡಲು ಮೂಲ ಚಿತ್ರಗಳೂ ಕೋಡೂ ಕೈಗೆ ಸಿಗಬೇಕು. ಆದ್ದರಿಂದ ನಿಯತಕಾಲಿಕಗಳು ಎರಡರಲ್ಲಿ ಒಂದನ್ನು ಮೊದಲು ಕಡ್ಡಾಯ ಮಾಡುವುದಾದರೆ, ಪ್ರಕಟಣೆಗೆ ಮುಂಚೆ ಮೂಲ ಚಿತ್ರಗಳನ್ನು ಸಾರ್ವಜನಿಕ ಭಂಡಾರದಲ್ಲಿ ಇಡಿಸುವ ನಿಯಮದಿಂದಲೇ ಶುರುಮಾಡುವುದು ಲೇಸು.